ಅಣ್ಣನಿಗೂ ನನಗೂ ಒಂದೇ ಕೈಟ್ ಸಾಕೇ?

ಪ್ರಶ್ನೆ: ನನಗೆ 34 ವರ್ಷ, ತೂಕ 58 ಕಿಲೋ. ಕೈಟ್‌ಬೋರ್ಡಿಂಗ್, ಅಂದರೆ ದೊಡ್ಡ ಗಾಳಿಪಟದ ಎಳೆತದಲ್ಲಿ ಹಲಗೆಯ ಮೇಲೆ ನಿಂತು ನೀರಿನಲ್ಲಿ ಸಾಗುವ ಆಟ, ಕಲಿಯಲು ಶುರು ಮಾಡಿ ಆರು ಗಂಟೆಯ ಪಾಠ ಮುಗಿದಿದೆ. ದಡದಲ್ಲಿ ಕೈಟ್ ಹಾರಿಸುವುದು, ಬೋರ್ಡ್ ಇಲ್ಲದೆ ನೀರಿನಲ್ಲಿ ಎಳೆಸಿಕೊಂಡು ಹೋಗುವುದು ಬರುತ್ತದೆ. ಬೋರ್ಡ್ ಮೇಲೆ ಎರಡು ಮೂರು ಸಲ ಎದ್ದು ನಿಂತು ಬಿದ್ದಿದ್ದೇನೆ. ಕಳೆದ ಪಾಠದಲ್ಲಿ ಗಾಳಿ ಇದ್ದಕ್ಕಿದ್ದಂತೆ ಜೋರಾಗಿ ನನ್ನನ್ನು ದರದರನೆ ಎಳೆದುಕೊಂಡು ಹೋಯಿತು. ಬಾರ್ (ಕೈಟನ್ನು ಆಡಿಸುವ ಅಡ್ಡಕೋಲು) ಬಿಡಿ ಎಂದು ತರಬೇತುದಾರರು ಕೂಗುತ್ತಿದ್ದರೂ ನಾನು ಬಿಡಲಿಲ್ಲ, ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ. ತೋಳಿನಲ್ಲಿ ಬಲ ಸಾಲದೆ ಹೀಗಾಯಿತೇ? ನನ್ನ ಅಣ್ಣನೂ ಜೊತೆಗೇ ಕಲಿಯುತ್ತಿದ್ದಾನೆ, ಅವನ ತೂಕ 84 ಕಿಲೋ. ಪರಿಚಯದವರೊಬ್ಬರು 12 ಚದರ ಮೀಟರಿನ, ಸುಮಾರು ಹತ್ತು ವರ್ಷ ಹಳೆಯ ಕೈಟ್, ಬಾರ್ ಮತ್ತು 136 ಸೆಂ.ಮೀ. ಬೋರ್ಡನ್ನು ಸೇರಿಸಿ ಕಡಿಮೆ ಬೆಲೆಗೆ ಕೊಡುತ್ತೇನೆ ಎನ್ನುತ್ತಿದ್ದಾರೆ. ತುಂಬ ಕಡಿಮೆ ಬಳಸಿದ್ದಂತೆ. ನಾವು ಹೋಗುವ ಜಾಗದ ಮುನ್ಸೂಚನೆಯಲ್ಲಿ ಸಾಮಾನ್ಯವಾಗಿ ಗಾಳಿ 15 ನಾಟ್, ಗಸ್ಟ್ (ಇದ್ದಕ್ಕಿದ್ದಂತೆ ನುಗ್ಗುವ ಗಾಳಿ) 24 ಎಂದಿರುತ್ತದೆ. ಇಬ್ಬರಿಗೂ ಈ ಒಂದು ಸೆಟ್ ಸಾಕೇ? ಅಥವಾ ಚಿಕ್ಕ ಕೈಟ್ ಕೊಂಡರೆ ಸುರಕ್ಷಿತವೇ? ಉಳಿದ ಪಾಠವನ್ನು ವಿಡಿಯೊ ನೋಡಿ ಕಲಿಯಬಹುದೇ? ಬೋರ್ಡ್ ತೇಲಿಹೋಗದ ಹಾಗೆ ಮೈಗೆ ಹಗ್ಗ ಕಟ್ಟಿಕೊಳ್ಳಬಹುದೇ?

ಉತ್ತರ: ಕೈಟಿನ ಅಳತೆ ಆಮೇಲೆ ನೋಡೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಬಾರ್ ಬಿಡದ ಕೈ.

ಅದಕ್ಕೂ ತೋಳಿನ ಬಲಕ್ಕೂ ಸಂಬಂಧ ಇಲ್ಲ. ಕೈಟಿನ ಎಳೆತವನ್ನು ಹೊರುವುದು ಹಾರ್ನೆಸ್ ಎಂಬ ಸೊಂಟದ ಪಟ್ಟಿ, ಕೈಯಲ್ಲ. ಕೈಟಿಗೆ ಕಟ್ಟಿದ ನಾಲ್ಕು ಲೈನ್‌ಗಳಲ್ಲಿ, ಅಂದರೆ ದಾರಗಳಲ್ಲಿ, ಮುಂದಿನ ಎರಡು ಬಾರಿನ ನಡುವಿನ ತೂತಿನಿಂದ ಇಳಿದು, ಚಿಕನ್ ಲೂಪ್ ಎಂಬ ವಿಚಿತ್ರ ಹೆಸರಿನ ಬಳೆಯ ಮೂಲಕ ಹಾರ್ನೆಸ್‌ನ ಕೊಕ್ಕೆಗೆ ಸೇರುತ್ತವೆ. ಭಾರದ ಬಹುಪಾಲು ಅಲ್ಲೇ ಬೀಳುತ್ತದೆ. ಬಾರಿನ ಎರಡು ತುದಿಗೆ ಕಟ್ಟಿದ ಹಿಂದಿನ ಲೈನ್‌ಗಳು ಕೈಟನ್ನು ತಿರುಗಿಸುತ್ತವೆ. ಜೊತೆಗೆ ಅವಕ್ಕೆ ಇನ್ನೊಂದು ಕೆಲಸವೂ ಇದೆ. ಬಾರನ್ನು ನಿಮ್ಮ ಕಡೆ ಎಳೆದರೆ ಕೈಟಿನ ಹಿಂಬದಿಯ ಅಂಚು ಕೆಳಗೆ ಜಗ್ಗುತ್ತದೆ, ಅದು ಗಾಳಿಗೆ ಹೆಚ್ಚು ಮೈಯೊಡ್ಡುತ್ತದೆ, ಎಳೆತ ಏರುತ್ತದೆ. ಬಾರನ್ನು ದೂರ ಬಿಟ್ಟರೆ ಕೈಟ್ ಗಾಳಿಗೆ ಚಪ್ಪಟೆಯಾಗಿ ಎಳೆತ ಇಳಿಯುತ್ತದೆ.

ಅಂದರೆ ನೋಡುವುದಕ್ಕೆ ಬಾರ್ ಹಿಡಿಕೆಯ ಹಾಗಿದ್ದರೂ ಅದರ ಕೆಲಸ ಆಕ್ಸಿಲರೇಟರಿನದು. ಬಸ್ಸು ಗಕ್ಕನೆ ನಿಂತಾಗ ಮೇಲಿನ ಕಂಬಿಯನ್ನು ಹಿಡಿಯುವುದು ನಮ್ಮ ದೇಹಕ್ಕೆ ಹುಟ್ಟಿನಿಂದ ಗೊತ್ತು. ಇಲ್ಲಿ ಆ ಕಂಬಿಯನ್ನೇ ಹಿಡಿದು ಎಳೆದರೆ ಬಸ್ಸಿನ ವೇಗ ಇನ್ನೂ ಹೆಚ್ಚುತ್ತದೆ. ನಿಮಗೆ ಆದದ್ದು ಇಷ್ಟೇ. ನಾನು ಕಲಿಸಿದವರಲ್ಲಿ ಬಹುತೇಕ ಎಲ್ಲರೂ ಒಮ್ಮೆಯಾದರೂ ಹೀಗೆ ಮಾಡಿದ್ದಾರೆ. ತೋಳು ಬಲವಾಗಿರುವವರು ಇನ್ನೂ ಹೆಚ್ಚು ಹೊತ್ತು ಬಿಡದೆ ಹಿಡಿದು, ಇನ್ನೂ ದೂರ ಹೋಗಿ ಬೀಳುತ್ತಾರೆ. ನಿಮ್ಮ ಅಣ್ಣನ ಮೇಲೂ ಒಂದು ಕಣ್ಣಿಟ್ಟಿರಿ.

ಇದಕ್ಕೆ ಮದ್ದು ಅಭ್ಯಾಸ ಒಂದೇ. ಪ್ರತಿ ಸಲ ನೀರಿಗಿಳಿಯುವ ಮುಂಚೆ, ಕೈಟ್ ಏರಿಸುವುದಕ್ಕೂ ಮೊದಲು, ಕಣ್ಣು ಮುಚ್ಚಿ ಮೂರು ಹೆಜ್ಜೆಯನ್ನು ಕೈಯಲ್ಲಿ ಆಡಿಸಿ ನೋಡಿ. ಮೊದಲು ಬಾರ್ ಬಿಡುವುದು. ಅಷ್ಟಕ್ಕೆ ನಿಲ್ಲದಿದ್ದರೆ ಚಿಕನ್ ಲೂಪಿನ ಮೇಲಿರುವ ಕ್ವಿಕ್ ರಿಲೀಸ್ ಎಂಬ ತುರ್ತು ಬಿಡುಗಡೆಯ ಹಿಡಿಯನ್ನು ತಳ್ಳುವುದು. ಆಗ ಕೈಟ್ ಸೇಫ್ಟಿ ಲೈನ್ ಎನ್ನುವ ಒಂದೇ ಮುಂದಿನ ಲೈನಿಗೆ ತೂಗಿಬಿದ್ದು ಬಾವುಟದ ಹಾಗೆ ಪಟಪಟ ಎನ್ನುತ್ತದೆ, ಎಳೆತ ಬಹುಪಾಲು ಸತ್ತುಹೋಗುತ್ತದೆ. ಅದೂ ಸಾಲದೆ ಕೈಟ್ ಇನ್ನೂ ಎಳೆಯುತ್ತಿದ್ದರೆ, ಅಥವಾ ಬೇರೆಯವರ ಲೈನಿಗೆ ಸಿಕ್ಕಿಕೊಂಡಿದ್ದರೆ, ಆ ಲೈನನ್ನು ನಿಮ್ಮ ಹಾರ್ನೆಸ್‌ಗೆ ಸೇರಿಸುವ ಲೀಶ್ ಎಂಬ ಹಗ್ಗದ ರಿಲೀಸನ್ನೂ ಎಳೆದು ಕೈಟನ್ನು ಪೂರ್ತಿ ಬಿಟ್ಟುಬಿಡುವುದು. ಕೈಟ್ ಹೋದರೆ ಹೋಗಲಿ. ನಿಜವಾದ ಎಳೆತ ಇರುವಾಗ ರಿಲೀಸ್ ತಳ್ಳಿದ ಅನುಭವ ನಿಮಗೆ ಇನ್ನೂ ಆಗಿಲ್ಲದಿದ್ದರೆ ಮುಂದಿನ ಪಾಠದಲ್ಲಿ ಅದನ್ನೇ ಮೊದಲು ಮಾಡಿಸಿ ಎಂದು ಕೇಳಿ. ರಿಲೀಸ್ ತಳ್ಳಿದ ಮೇಲೆ ಎಲ್ಲವನ್ನೂ ಮತ್ತೆ ಜೋಡಿಸಬೇಕು, ಅದು ಕಿರಿಕಿರಿ ಎಂದು ಪಾಠದಲ್ಲಿ ಎಷ್ಟೋ ಸಲ ಇದನ್ನು ಬಾಯಿಮಾತಿನಲ್ಲೇ ಮುಗಿಸಿಬಿಡುತ್ತಾರೆ.

ಈಗ ಗಾಳಿಗೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇರುವುದು ‘15 ನಾಟ್, ಗಸ್ಟ್ 24’ ಎಂಬ ಸಾಲಿನಲ್ಲಿ. ಹೆಚ್ಚಿನವರು ಮೊದಲ ಸಂಖ್ಯೆಯನ್ನು ಓದಿ ಕೈಟ್ ಆರಿಸುತ್ತಾರೆ. ನಾನು ಓದುವುದು ಎರಡನೆಯದನ್ನು.

ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 15ರಿಂದ 24ಕ್ಕೆ ಏರಿದರೆ ‘ಒಂಬತ್ತು ನಾಟ್ ಜಾಸ್ತಿ, ಅಷ್ಟೇ’ ಎನಿಸುತ್ತದೆ. ಲೆಕ್ಕ ಹಾಕಿ: 24ನ್ನು 15ರಿಂದ ಭಾಗಿಸಿದರೆ 1.6, ಅದರ ವರ್ಗ 2.56. ಎರಡೂವರೆ ಪಟ್ಟಿಗಿಂತ ಹೆಚ್ಚು. ನಿಮ್ಮ ಕೈಯಲ್ಲಿರುವ 12ರ ಕೈಟ್ ಆ ಒಂದು ಕ್ಷಣದ ಮಟ್ಟಿಗೆ 30 ಚದರ ಮೀಟರಿನ ಕೈಟಿನ ಹಾಗೆ ಎಳೆಯುತ್ತದೆ. ಬಾರನ್ನು ದೂರ ಬಿಟ್ಟರೆ ಅದರಲ್ಲಿ ಬಹಳಷ್ಟನ್ನು ಇಳಿಸಬಹುದು ನಿಜ, ಈಗಿನ ಕೈಟ್‌ಗಳ ದೊಡ್ಡ ಗುಣವೇ ಅದು. ಆದರೆ ಅದಕ್ಕೆ ಬಾರ್ ಬಿಡುವ ಕೈ ಬೇಕು. ನಿಮ್ಮ ಕೈ ಇನ್ನೂ ಅಲ್ಲಿಗೆ ಬಂದಿಲ್ಲ.

ಇದರ ಮೇಲೆ ಇನ್ನೊಂದು ಸಂಗತಿ ಸೇರುತ್ತದೆ. ಕೈಟ್ ಒಂದೇ ಕಡೆ ನಿಂತಿದ್ದರೆ ಅದಕ್ಕೆ ತಾಗುವುದು ಬೀಸುವ ಗಾಳಿ ಮಾತ್ರ. ಅದು ನಿಮ್ಮ ಎದುರಿನ ಆಕಾಶವನ್ನು ಸೀಳಿಕೊಂಡು ಧುಮುಕಿದರೆ ಅದರ ಸ್ವಂತ ವೇಗವೂ ಗಾಳಿಯಾಗಿ ಅದಕ್ಕೇ ತಾಗುತ್ತದೆ. ಹಾರುವ ಕೈಟಿನ ಎಳೆತ ನಿಂತ ಕೈಟಿನದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೆದರಿದ ಕಲಿಕೆಯವರು ಬಾರನ್ನು ಎಳೆಯುವುದರ ಜೊತೆಗೆ ಒಂದು ಕಡೆಗೆ ಓರೆಯಾಗಿಯೂ ಎಳೆಯುತ್ತಾರೆ. ಕೈಟ್ ಗಿರಕಿ ಹೊಡೆದು ನೇರ ನಡುಭಾಗಕ್ಕೆ, ಎಳೆತ ಅತಿ ಹೆಚ್ಚಿರುವ ಜಾಗಕ್ಕೆ, ನುಗ್ಗುತ್ತದೆ. ನೀವು ದರದರನೆ ಹೋದದ್ದು ಬರೀ ಗಸ್ಟಿನಿಂದ ಅಲ್ಲ, ಇದೂ ಸೇರಿರಬೇಕು ಎಂಬುದು ನನ್ನ ಊಹೆ.

ಮುನ್ಸೂಚನೆಯ ಸಂಖ್ಯೆ ಯಾವುದು ಎಂಬುದನ್ನೂ ತಿಳಿದಿರಿ. ಹವಾಮಾನದವರು ಗಾಳಿಯನ್ನು ನೆಲದಿಂದ 10 ಮೀಟರ್ ಎತ್ತರಕ್ಕೆ ಲೆಕ್ಕ ಹಾಕುತ್ತಾರೆ, ಮೊದಲ ಸಂಖ್ಯೆ ಹಲವು ನಿಮಿಷಗಳ ಸರಾಸರಿ, ಗಸ್ಟ್ ಎಂದರೆ ಕೆಲವೇ ಸೆಕೆಂಡಿನ ಶಿಖರ. ನೀವು ಕೈಯಲ್ಲಿ ಹಿಡಿಯುವ ಪುಟ್ಟ ಗಾಳಿಮಾಪಕ ತೋರಿಸುವುದು ಎದೆಮಟ್ಟದ ಗಾಳಿ. ಕೈಟ್ ಇರುವುದು 20 ಮೀಟರ್ ಮೇಲೆ, ಅಲ್ಲಿ ಗಾಳಿ ಇನ್ನೂ ಹೆಚ್ಚು. ಮಾಪಕ 14 ತೋರಿಸಿತು ಎಂದು ಕೈಟಿಗೂ 14 ಎಂದುಕೊಳ್ಳಬೇಡಿ. ಇನ್ನು ಘಟಕದ ಗೊಂದಲ: ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. 15 ನಾಟ್ ಎಂದರೆ ಸುಮಾರು 28 ಕಿ.ಮೀ., ಸೆಕೆಂಡಿಗೆ ಸುಮಾರು 7.7 ಮೀಟರ್. ಮೊಬೈಲ್ ಆ್ಯಪ್ ಕಿ.ಮೀ. ತೋರಿಸುತ್ತಿದೆಯೋ ನಾಟ್ ತೋರಿಸುತ್ತಿದೆಯೋ ನೋಡದೆ, ದಡದಲ್ಲಿ ದೊಡ್ಡ ಕೈಟ್ ಬಿಚ್ಚಿಕೊಂಡು ಕುಳಿತವರನ್ನು ನಾನು ಒಂದಲ್ಲ ಹತ್ತು ಸಲ ನೋಡಿದ್ದೇನೆ.

ಮುನ್ಸೂಚನೆಗೆ ಕಾಣದ್ದು ಇನ್ನೂ ಇದೆ. ದಡದ ಮರಗಳ ಸಾಲು, ಕಟ್ಟಡ, ಗುಡ್ಡ ಇವು ಗಾಳಿಯ ದಾರಿಯಲ್ಲಿದ್ದರೆ, ಅವುಗಳ ಹಿಂದೆ ಎತ್ತರದ ಏಳೆಂಟು ಪಟ್ಟು ದೂರದವರೆಗೂ ಗಾಳಿ ಸುಳಿ ತಿರುಗುತ್ತಿರುತ್ತದೆ. ಅಲ್ಲಿ ಕೈಟ್ ಒಂದು ಕ್ಷಣ ಜೋಲು ಬಿದ್ದು ಮರುಕ್ಷಣ ಜಗ್ಗುತ್ತದೆ. ಆ ಜಾಗದ ಗಸ್ಟ್‌ಗೆ ಕಾರಣ ಇದೇ ಆಗಿದ್ದರೆ ನೂರು ಇನ್ನೂರು ಮೀಟರ್ ಆಚೆ ಹೋದರೆ ಗಾಳಿಯ ಗುಣವೇ ಬದಲಾಗಬಹುದು. ಅದು ಮೋಡಗಳಿಂದ ಬರುವ ಗಸ್ಟ್ ಆಗಿದ್ದರೆ ಎಲ್ಲಿ ಹೋದರೂ ಅಷ್ಟೇ. ಕಪ್ಪು ತಳದ ಮೋಡ ಗಾಳಿ ಬರುವ ಕಡೆಯಿಂದ ಏಳುತ್ತಿದ್ದರೆ ಮಳೆ ಬರುವ ಮುಂಚೆಯೇ ಅದರಡಿಯಿಂದ ತಣ್ಣನೆಯ ಗಾಳಿ ನುಗ್ಗಿಬರುತ್ತದೆ, ವೇಗದ ಜೊತೆ ದಿಕ್ಕೂ ಬದಲಾಗುತ್ತದೆ. ನಾನು ಕಲಿತ ಎರಡನೇ ವರ್ಷ ಅಂಥ ಮೋಡ ನೋಡಿಯೂ ‘ಇನ್ನೊಂದು ಸುತ್ತು’ ಎಂದುಕೊಂಡು ಹೋದೆ. ವಾಪಸು ಬಂದಿದ್ದೇನೋ ಹೌದು, ದಡಕ್ಕೆ ಬಂದದ್ದು ಭುಜ ಮುಂದಾಗಿ. ಆ ಭುಜ ಈಗಲೂ ಮೋಡ ಕವಿದರೆ ನನಗಿಂತ ಮೊದಲು ಹೇಳುತ್ತದೆ. ‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಕಣಕ್ಕೆ ಸರಿ, ನಮ್ಮ ಆಟಕ್ಕೆ ಅಲ್ಲ.

ಕಲಿಯುವವರಿಗೆ ನಾನು ಇಟ್ಟುಕೊಂಡಿರುವ ಮಿತಿ ಹೀಗೆ: ಗಸ್ಟ್ ಸರಾಸರಿಗಿಂತ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ಒಬ್ಬರನ್ನೇ ನೀರಿಗೆ ಬಿಡುವುದಿಲ್ಲ. 15ಕ್ಕೆ 20 ಆಗಬಹುದು. 15ಕ್ಕೆ 24 ಆಗದು. ಅಂದರೆ ನೀವು ಹೇಳಿದ ಜಾಗ, ನೀವು ಹೇಳಿದ ಗಾಳಿಯಲ್ಲಿ, ತರಬೇತುದಾರರು ಪಕ್ಕದಲ್ಲಿರುವಾಗ ಮಾತ್ರ ನಿಮ್ಮದು. ಯಾವ ಕೈಟ್ ಕೊಂಡರೂ ಇದು ಬದಲಾಗುವುದಿಲ್ಲ. ಆ ಜಾಗದಲ್ಲೇ ಗಾಳಿ ಸಮನಾಗಿ ಬೀಸುವ ಹೊತ್ತು ಯಾವುದು ಎಂದು ನಾಲ್ಕು ದಿನ ಬರಿಗೈಯಲ್ಲಿ ಹೋಗಿ ಕುಳಿತು ನೋಡಿ. ಸಮುದ್ರದ ಗಾಳಿಯಾದರೆ ನೆಲ ಕಾದ ಮೇಲೆ ಹುಟ್ಟಿ, ಮಧ್ಯಾಹ್ನದ ನಂತರ ಶಿಖರ ಮುಟ್ಟಿ, ಸಂಜೆಗೆ ಇಳಿಯುತ್ತದೆ. ಹನ್ನೊಂದಕ್ಕೆ ಸರಿಹೊಂದಿದ ಕೈಟ್ ಮೂರಕ್ಕೆ ದೊಡ್ಡದಾಗಿರಬಹುದು. ನೀರಿನ ಮೇಲೆ ಬಿಳಿ ನೊರೆತಲೆಗಳು ಅಲ್ಲೊಂದು ಇಲ್ಲೊಂದು ಕಂಡರೆ ಗಾಳಿ ಸುಮಾರು ಹತ್ತು ನಾಟ್; ಎಲ್ಲೆಲ್ಲೂ ಕಂಡರೆ ಹದಿನೇಳು ಹದಿನೆಂಟು ದಾಟಿದೆ ಎಂದು ತಿಳಿಯಿರಿ.

ಈಗ ಅಳತೆ. ಸಾಮಾನ್ಯ ಬೋರ್ಡಿಗೆ, ಸಾಮಾನ್ಯ ಆಕಾರದ ಕೈಟಿಗೆ ಒಂದು ಒರಟು ಲೆಕ್ಕ ಚಾಲ್ತಿಯಲ್ಲಿದೆ: ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು 2.2ರಿಂದ ಗುಣಿಸಿ, ಗಾಳಿಯ ನಾಟ್‌ನಿಂದ ಭಾಗಿಸಿ. 15 ನಾಟ್‌ಗೆ ನಿಮಗೆ ಬರುವುದು 8.5 ಚದರ ಮೀಟರ್; ಅಣ್ಣನಿಗೆ 12.3. ಅದೇ 24 ನಾಟ್‌ಗೆ ನಿಮಗೆ 5.3, ಅವರಿಗೆ 7.7. ಇದು ಸೂತ್ರವಲ್ಲ, ದಿಕ್ಸೂಚಿ. ತೀರ ಕಡಿಮೆ ಗಾಳಿಯಲ್ಲಿ ಇದು ಕೈಕೊಡುತ್ತದೆ. ಆದರೂ ನಿಮ್ಮ ಪ್ರಶ್ನೆಗೆ ಇಷ್ಟು ಸಾಕು: ಆ 12ರ ಕೈಟ್ ಅಣ್ಣನಿಗೆ ಹೊಂದುವ ಗಾಳಿಯಲ್ಲಿ ನಿಮಗೆ ಸುಮಾರು ಒಂದೂವರೆ ಪಟ್ಟು ದೊಡ್ಡದು. ನಿಮಗೆ ಹೊಂದುವಷ್ಟು ಗಾಳಿ ಇಳಿದರೆ, ಅಂದರೆ ಹತ್ತು ಹನ್ನೊಂದು ನಾಟ್, ಅವರು ಬೋರ್ಡ್ ಮೇಲೆ ಏಳುವುದೇ ಇಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಾಗುತ್ತದೆ. ಒಂದೇ ಕೈಟ್ ಇಬ್ಬರಿಗೂ ಆಗದು.

ಹಾಗಾದರೆ ಚಿಕ್ಕದು ಸುರಕ್ಷಿತವೇ? ಒಂದು ಹಂತದವರೆಗೆ ಹೌದು, ಅದರ ಕೆಳಗೆ ಅಲ್ಲ. ಚಿಕ್ಕ ಕೈಟ್ ಚುರುಕಾಗಿ ತಿರುಗುತ್ತದೆ, ಆದ್ದರಿಂದ ನಿಮ್ಮ ತಪ್ಪೂ ಅಷ್ಟೇ ಚುರುಕಾಗಿ ನಡೆದುಹೋಗುತ್ತದೆ. ಎಳೆತ ಸಾಲದಿದ್ದಾಗ ಅದನ್ನು ಮೇಲೆ ಕೆಳಗೆ ಸತತವಾಗಿ ಆಡಿಸಬೇಕಾಗುತ್ತದೆ. ಬೋರ್ಡನ್ನೂ ಕೈಟನ್ನೂ ಒಟ್ಟಿಗೆ ನೋಡಿಕೊಳ್ಳಲು ಇನ್ನೂ ಬಾರದವರಿಗೆ ಇದು ಹೊರೆ. ಮುಖ್ಯವಾಗಿ, ಎಳೆತ ಸಾಲದವರು ಗಾಳಿಗೆ ಎದುರಾಗಿ ಏರಿಬರಲಾರರು. ಹೋದ ಜಾಗಕ್ಕೇ ವಾಪಸು ಬರದೆ ಗಾಳಿ ಹೋಗುವ ಕಡೆಗೆ ಸರಿಯುತ್ತಾ ಹೋಗುತ್ತಾರೆ. ಗಾಳಿ ಇನ್ನಷ್ಟು ಕುಸಿದರೆ ಕೈಟ್ ನೀರಿಗೆ ಬಿದ್ದು ಮತ್ತೆ ಏಳುವುದಿಲ್ಲ. ‘ಗಾಳಿ ಕಡಿಮೆ ಇದ್ದಾಗ ಕಲಿಯುವುದು ಸುಲಭ’ ಎಂಬ ಮಾತೂ ಇದೇ ಕಾರಣಕ್ಕೆ ಅರ್ಧ ಸುಳ್ಳು. ಹತ್ತು ನಾಟ್ ಕೆಳಗೆ ಹೊಸಬರು ಕಲಿಯುವುದಕ್ಕಿಂತ ನೀರಿನಿಂದ ಕೈಟ್ ಎಬ್ಬಿಸುವುದರಲ್ಲೇ ಹೊತ್ತು ಕಳೆಯುತ್ತಾರೆ. 14ರಿಂದ 17, ಅದೂ ಸಮನಾಗಿ, ಕಲಿಯಲು ಹೇಳಿ ಮಾಡಿಸಿದ ಗಾಳಿ. ಶಾಲೆಗಳಲ್ಲಿ ಮೊದಲ ದಿನ ಚಿಕ್ಕ ಕೈಟಿಗೆ ಗಿಡ್ಡ ಲೈನ್ ಹಾಕಿ ಕೊಡುವುದನ್ನು ನೀವು ನೋಡಿರಬಹುದು. ಲೈನ್ ಗಿಡ್ಡವಾದರೆ ಕೈಟ್ ಧುಮುಕುವ ದಾರಿಯೂ ಗಿಡ್ಡ, ಎಳೆಯುವ ಹೊತ್ತೂ ಕಡಿಮೆ. ಅಳತೆ ಇಳಿಸದೆ ಎಳೆತ ಇಳಿಸುವ ಉಪಾಯ ಅದು.

ನಿಮ್ಮ ಮುಂದಿರುವ ದಾರಿಗಳನ್ನು ಹೀಗೆ ನೋಡುತ್ತೇನೆ. ಒಂದು, ಈಗ ಏನನ್ನೂ ಕೊಳ್ಳದೆ ಶಾಲೆಯ ಸಾಮಾನಿನಲ್ಲೇ ಇನ್ನೂ ನಾಲ್ಕರಿಂದ ಆರು ಗಂಟೆ ಪಾಠ ಮುಗಿಸುವುದು. ಹಣ ಪಾಠಕ್ಕೆ ಹೋಗುತ್ತದೆ, ಕೈಯಲ್ಲಿ ವಸ್ತು ಉಳಿಯುವುದಿಲ್ಲ, ಅದೇ ಇದರ ನಷ್ಟ. ಲಾಭ ಏನೆಂದರೆ ಅಷ್ಟು ಹೊತ್ತಿಗೆ ಮೂರು ನಾಲ್ಕು ಅಳತೆಯ ಕೈಟ್ ಹಾರಿಸಿರುತ್ತೀರಿ, ಏನು ಬೇಕೆಂದು ನಿಮ್ಮ ಮೈಗೇ ಗೊತ್ತಾಗಿರುತ್ತದೆ. ನನ್ನ ಮತ ಇದಕ್ಕೇ. ಎರಡು, ಈಗಲೇ ಕೊಳ್ಳಲೇಬೇಕೆಂದರೆ ನಿಮಗೆ 9, ಅಣ್ಣನಿಗೆ 12. ಆಮೇಲೆ ಎಂದಾದರೂ ಒಂದು 7 ಸೇರಿಸಿದರೆ, 9 ನಿಮ್ಮಿಬ್ಬರ ನಡುವಿನ ಸೇತುವೆಯಾಗುತ್ತದೆ: ನಿಮಗೆ ಸಾಧಾರಣ ಗಾಳಿಗೆ, ಅವರಿಗೆ ಜೋರು ಗಾಳಿಗೆ. ಮೂರು ಕೈಟಿನಲ್ಲಿ ಇಬ್ಬರ ಬಹುಪಾಲು ದಿನಗಳು ನಡೆಯುತ್ತವೆ. ಒಂದೇ ತಯಾರಕರದ್ದಾದರೆ ಬಾರ್ ಒಂದರಲ್ಲೇ ಸುಧಾರಿಸಬಹುದು. ಬೇರೆ ಬೇರೆ ತಯಾರಕರ ಕೈಟಿಗೆ ಒಂದೇ ಬಾರ್ ಹಾಕುವಾಗ ಮುಂದಿನ ಲೈನ್‌ಗಳು ಎಷ್ಟು ಎತ್ತರದಲ್ಲಿ ಕವಲೊಡೆಯುತ್ತವೆ ಎಂಬುದು ಹೊಂದಬೇಕು. ಹೊಂದದಿದ್ದರೆ ಕೈಟಿನ ನಡತೆ ಕೆಡುತ್ತದೆ, ಕೆಲವದರಲ್ಲಿ ರಿಲೀಸ್ ತಳ್ಳಿದಾಗ ಎಳೆತ ಕೊಲ್ಲುವ ಸೇಫ್ಟಿಯೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೂರು, ಆ ಹಳೇ ಸೆಟ್ಟನ್ನು ಅಣ್ಣನಿಗೆಂದೇ ಕೊಳ್ಳುವುದು. ಇದು ಕೆಟ್ಟ ಯೋಚನೆಯೇನೂ ಅಲ್ಲ, ಕೈಟ್ ಗಟ್ಟಿಯಿದ್ದರೆ. ಅಪಾಯ ಬೇರೆ ಕಡೆ ಇದೆ. ಮನೆಯಲ್ಲಿ ಒಂದು ಕೈಟ್ ಇದೆ ಎಂದಮೇಲೆ ಒಂದಲ್ಲ ಒಂದು ದಿನ ‘ಇವತ್ತು ಗಾಳಿ ಮೆತ್ತಗಿದೆ’ ಎಂದು ಅದನ್ನೇ ನೀವು ಹಾರಿಸುತ್ತೀರಿ.

ಹತ್ತು ವರ್ಷ ಹಳೆಯದು ಎಂದ ಮಾತ್ರಕ್ಕೆ ತಳ್ಳಿಹಾಕಬೇಡಿ. ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಗಾಳಿ ತುಂಬುವ ಕೊಳವೆಯಿರುವ, ನೀರಿಗೆ ಬಿದ್ದರೂ ಮತ್ತೆ ಏಳುವ ಕೈಟನ್ನು ಫ್ರಾನ್ಸಿನ ಬ್ರುನೊ ಮತ್ತು ಡೊಮಿನಿಕ್ ಲೆಗೇನ್ಯು ಸಹೋದರರು 1984ರಲ್ಲಿ ಪೇಟೆಂಟ್ ಮಾಡಿದರು. ಆದರೆ ಬಹಳ ಕಾಲದವರೆಗೆ ಇವು ‘ಸಿ’ ಆಕಾರದವು. ಬಾರ್ ಬಿಟ್ಟರೂ ಎಳೆತ ಅಷ್ಟಾಗಿ ಇಳಿಯುತ್ತಿರಲಿಲ್ಲ. 2005ರ ಸುಮಾರಿಗೆ ಬಂದ, ಹೆಚ್ಚು ಚಪ್ಪಟೆಯಾದ ಬೋ (ಬಿಲ್ಲು) ಕೈಟ್‌ಗಳು ಅದನ್ನು ಬದಲಿಸಿದವು. ಆದ್ದರಿಂದ ಅದಕ್ಕಿಂತ ಹಳೆಯದನ್ನು ಯಾರಾದರೂ ಪುಕ್ಕಟೆ ಕೊಟ್ಟರೂ ಬೇಡ. ನಿಮ್ಮದು ಆ ಗಡಿಯ ಈಚೆಯದು. ಅದರ ಕ್ವಿಕ್ ರಿಲೀಸ್ ಮಾತ್ರ ಹಳೇ ಕಾಲದ್ದು. ಕೈಟ್‌ಬೋರ್ಡಿಂಗ್ ರಿಲೀಸ್‌ಗೆ ಐಎಸ್ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದೇ 2020ರಲ್ಲಿ. ನಾನಾಗಿದ್ದರೆ ಕೈಟ್ ಹಳೆಯದನ್ನು ಕೊಂಡೇನು, ಬಾರನ್ನು ಹೊಸದೇ ಕೊಳ್ಳುತ್ತಿದ್ದೆ.

ನೋಡಲು ಹೋದಾಗ ಮಾರುವವರ ಮಾತಿಗಿಂತ ಬಟ್ಟೆಯ ಮಾತು ಕೇಳಿ. ಹೊಸ ಕೈಟಿನ ಬಟ್ಟೆ ಮಡಿಸಿದರೆ ಕಾಗದದ ಹಾಗೆ ಚರಚರ ಎನ್ನುತ್ತದೆ. ಬಿಸಿಲು ತಿಂದದ್ದು ಹಳೇ ಪಂಚೆಯ ಹಾಗೆ ಸದ್ದಿಲ್ಲದೆ ಮಡಿಯುತ್ತದೆ. ಹಿಂಬದಿಯ ಅಂಚು ಪಟಪಟ ಬಡಿದು ಮೊದಲು ಸವೆಯುವ ಜಾಗ; ಅಲ್ಲಿ ಎರಡು ಹೆಬ್ಬೆರಳಿನ ನಡುವೆ ಬಟ್ಟೆಯನ್ನು ಬಿಗಿಯಾಗಿ ಹಿಗ್ಗಿಸಿ, ಹರಿಯುವ ಬಟ್ಟೆ ಅಲ್ಲೇ ಹರಿಯುತ್ತದೆ. ಮಾಲೀಕರ ಅನುಮತಿ ಕೇಳಿಯೇ ಮಾಡಿ, ಬೇಡ ಎಂದರೆ ಅದೇ ಉತ್ತರ. ಗಾಳಿ ತುಂಬಿಸಿ ಎರಡು ಗಂಟೆ ಹಾಗೇ ಬಿಡಿ. ಕಡಿಮೆ ಬಳಸಿದ ಕೈಟಿನಲ್ಲಿ ಬಟ್ಟೆ ಚೆನ್ನಾಗಿದ್ದು ಕೊಳವೆಯೊಳಗೆ ಗಾಳಿ ಹಿಡಿದಿಡುವ ಬ್ಲಾಡರ್ ಚೀಲದ ವಾಲ್ವ್ ಅಂಟು ಬಿಟ್ಟಿರುವುದು ತೀರ ಸಾಮಾನ್ಯ, ಏಕೆಂದರೆ ಬಿಸಿಯಾದ ಕಾರಿನ ಡಿಕ್ಕಿಯಲ್ಲೋ ಅಟ್ಟದಲ್ಲೋ ವರ್ಷಗಟ್ಟಲೆ ಬಿದ್ದಿರುತ್ತದೆ. ಬ್ಲಾಡರ್ ಬದಲಿಸಬಹುದು, ಅದೇನೂ ದೊಡ್ಡ ಮಾತಲ್ಲ. ಸತ್ತ ಬಟ್ಟೆಗೆ ಮದ್ದಿಲ್ಲ. ಮುಂಬದಿಯ ದಪ್ಪ ಕೊಳವೆಯ ಹೊಲಿಗೆ ಬಿಚ್ಚಿದ್ದರೆ ಎದ್ದು ಬನ್ನಿ.

ಕೊನೆಗೆ ಲೈನ್. ನಾಲ್ಕನ್ನೂ ಒಂದು ಮೊಳೆಗೆ ಕಟ್ಟಿ, ಬಾರನ್ನು ಪೂರ್ತಿ ಒಳಗೆಳೆದು ಹಿಡಿದು ಉದ್ದ ಹೋಲಿಸಿ. ಮುಂದಿನ ಲೈನ್‌ಗಳು ಭಾರ ಹೊತ್ತು ಕಾಲಕ್ರಮೇಣ ಹಿಗ್ಗುತ್ತವೆ. ಹಿಗ್ಗಿದರೆ ಹಿಂದಿನವು ಲೆಕ್ಕಕ್ಕೆ ಗಿಡ್ಡವಾದ ಹಾಗೆ, ಬಾರನ್ನು ಸದಾ ಒಳಗೆಳೆದು ಹಿಡಿದ ಹಾಗೆ. ಕೈಟ್ ಹಿಮ್ಮುಖವಾಗಿ ಜೋಲಿ ಹೊಡೆದು ಬೀಳುತ್ತದೆ, ಹೊಸಬರು ತಮಗೇ ಹಾರಿಸಲು ಬರುವುದಿಲ್ಲ ಎಂದು ನೊಂದುಕೊಳ್ಳುತ್ತಾರೆ. ಹೀಗೆ ‘ನನಗೆ ಇದು ಆಗದು’ ಎಂದು ಬಿಟ್ಟುಹೋಗಲಿದ್ದ ಒಬ್ಬರ ಲೈನ್ ಅಳೆದಾಗ ಒಂದು ಗೇಣು ವ್ಯತ್ಯಾಸ ಇತ್ತು! ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ಲೈನಿನ ನಡುವೆ ಗಂಟು ಬಿದ್ದಿದ್ದರೆ ಬಿಚ್ಚಿ. ಬಿಚ್ಚಲಾಗದಿದ್ದರೆ ಆ ಲೈನನ್ನೇ ಬದಲಿಸಿ, ಗಂಟಿರುವ ಕಡೆ ಅದರ ಬಲ ಬಹಳ ಕುಗ್ಗಿರುತ್ತದೆ.

ಬೋರ್ಡಿನ ವಿಷಯ ಸುಲಭ. 136 ನಿಮಗೆ ಸರಿಯಾಗಿದೆ, ಅಣ್ಣನಿಗೆ ಚಿಕ್ಕದು. ಕಲಿಯುವ ಹಂತದಲ್ಲಿ ಅವರಿಗೆ 142ರಿಂದ 146, ಅಗಲವೂ ಸ್ವಲ್ಪ ಹೆಚ್ಚಿರಲಿ. ದೊಡ್ಡ ಬೋರ್ಡ್ ಕಡಿಮೆ ಎಳೆತದಲ್ಲೇ ನೀರಿನ ಮೇಲೆ ಏಳುತ್ತದೆ, ಗಾಳಿಗೆ ಎದುರಾಗಿ ಏರಲೂ ಸಹಾಯ ಮಾಡುತ್ತದೆ. ಕೈಟನ್ನು ದೊಡ್ಡದು ಮಾಡುವುದಕ್ಕಿಂತ ಬೋರ್ಡನ್ನು ದೊಡ್ಡದು ಮಾಡುವುದು ಯಾವತ್ತೂ ಕಡಿಮೆ ಅಪಾಯದ ದಾರಿ. ಹಾರ್ನೆಸ್ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಸೊಂಟದ್ದು ಪಕ್ಕೆಗೆ ಏರುತ್ತಿದ್ದರೆ ಕುರ್ಚಿಯ ಹಾಗೆ ತೊಡೆಗೂ ಪಟ್ಟಿಯಿರುವುದನ್ನು ಹಾಕಿ ನೋಡಿ. ಹೊಸಬರ ಕೈಟ್ ತಲೆಯ ಮೇಲೇ ಹೆಚ್ಚು ಹೊತ್ತು ಇರುವುದರಿಂದ ಎಳೆತ ಮೇಲ್ಮುಖವಾಗಿರುತ್ತದೆ. ಹೆಲ್ಮೆಟ್, ಪೆಟ್ಟು ತಡೆಯುವ, ತೇಲುವ ಇಂಪ್ಯಾಕ್ಟ್ ವೆಸ್ಟ್, ಲೈನ್ ಕತ್ತರಿಸುವ ಕೊಕ್ಕೆ ಚಾಕು, ಇವುಗಳಲ್ಲಿ ಚೌಕಾಸಿ ಬೇಡ.

ಬೋರ್ಡಿಗೆ ಹಗ್ಗ ಕಟ್ಟಿಕೊಳ್ಳಬೇಡಿ. ನೀವು ಬಿದ್ದು ಕೈಟ್ ನಿಮ್ಮನ್ನು ಎಳೆದುಕೊಂಡು ಹೋಗುವಾಗ ಬೋರ್ಡ್ ನೀರಿನಲ್ಲಿ ಹಿಂದೆ ಸಿಕ್ಕಿಕೊಳ್ಳುತ್ತದೆ, ಹಗ್ಗ ರಬ್ಬರಿನಂತೆ ಬಿಗಿದು, ಆಮೇಲೆ ಬೋರ್ಡನ್ನು ನೇರ ತಲೆಗೆ ತಂದು ಹೊಡೆಯುತ್ತದೆ. ನಾನು ಕಂಡ ಕೆಟ್ಟ ತಲೆಗಾಯಗಳಲ್ಲಿ ಹೆಚ್ಚಿನವು ಇದರಿಂದಲೇ. ಬೋರ್ಡ್ ವಾಪಸು ತರುವ ದಾರಿ ಒಂದೇ: ಒಂದು ಕೈ ನೀರಿಗೆ ಚಾಚಿ, ಮೈಯನ್ನೇ ದೋಣಿಯ ಅಡಿಯ ಪಟ್ಟಿಯಂತೆ ನೀರಿಗೆ ಒತ್ತುಕೊಟ್ಟು ಗಾಳಿಗೆ ಎದುರಾಗಿ ಅಡ್ಡಡ್ಡ ಎಳೆಸಿಕೊಂಡು ಹೋಗುವುದು. ಎಳೆಸಿಕೊಂಡು ಹೋಗುವುದು ಬರುತ್ತದೆ ಎಂದಿದ್ದೀರಿ. ಗಾಳಿಯ ಜೊತೆಗೆ ಹೋಗುವುದೋ, ಗಾಳಿಗೆ ಎದುರಾಗಿಯೂ ಏರುವುದೋ? ಎರಡನೆಯದು ಬಾರದೆ ಬೋರ್ಡ್ ಹತ್ತಿಸಿದ್ದರೆ ಪಾಠ ಒಂದು ಮೆಟ್ಟಿಲು ಹಾರಿದೆ.

ವಿಡಿಯೊ ನೋಡಿ. ಪಾಠಕ್ಕೆ ಮುಂಚೆ ನೋಡಿ, ಆದ ಮೇಲೂ ನೋಡಿ, ನಿಮ್ಮದೇ ಸವಾರಿಯನ್ನು ಚಿತ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಆದರೆ ವಿಡಿಯೊ ನಿಮ್ಮ ಕೈಯನ್ನು ಬಾರಿನಿಂದ ಬಿಡಿಸಲಾರದು. ಪಾಠ ನಿಲ್ಲಿಸುವ ಮುಂಚೆ ತರಬೇತುದಾರರ ಎದುರು ಮಾಡಿ ತೋರಿಸಬೇಕಾದ್ದು ಎರಡು. ಮೊದಲನೆಯದು, ಹೊರಟ ಜಾಗಕ್ಕೇ ಮರಳಿ ಬರುವುದು. ಎರಡನೆಯದು, ಆಳದ ನೀರಿನಲ್ಲಿ ರಿಲೀಸ್ ತಳ್ಳಿ ಒಬ್ಬರೇ ಪಾರಾಗಿ ಬರುವುದು: ಸೇಫ್ಟಿ ಲೈನನ್ನು ಮೊದಲು ಕೆಲವು ಮೀಟರ್ ಬಾರಿಗೆ ಸುತ್ತಿ ಬಿಗಿದು, ಕೈಟಿಗೆ ಮತ್ತೆ ಎಳೆತ ಹುಟ್ಟದಂತೆ ಮಾಡಿ, ಆಮೇಲೆ ಎಲ್ಲ ಲೈನ್‌ಗಳನ್ನೂ ಒಟ್ಟಿಗೆ ಸುತ್ತುತ್ತಾ ಕೈಟನ್ನು ತಲುಪಿ, ಅದನ್ನೇ ದೋಣಿಯಾಗಿ ಹಿಡಿದು ದಡಕ್ಕೆ ಬರುವುದು. ಲೈನನ್ನು ಬರಿಗೈಗೆ ಸುತ್ತಿಕೊಳ್ಳುವುದು ಮಾತ್ರ ಎಂದೂ ಬೇಡ, ಬೆರಳು ಉಳಿಯುವುದಿಲ್ಲ. ದಡದಿಂದ ಒಳನೀರಿಗೆ ಬೀಸುವ ಗಾಳಿಯಲ್ಲಿ ಈ ವಿದ್ಯೆಯೂ ನಿಮ್ಮನ್ನು ದಡಕ್ಕೆ ತರಲಾರದು, ಅಂಥ ದಿನ ಇಳಿಯಲೇಬೇಡಿ. ನೇರ ದಡಕ್ಕೆ ಬೀಸುವುದೂ ಹೊಸಬರಿಗೆ ಕಷ್ಟ, ಮತ್ತೆ ಮತ್ತೆ ಮರಳಿಗೇ ತಂದು ಹಾಕುತ್ತದೆ. ದಡಕ್ಕೆ ಓರೆಯಾಗಿ ಬೀಸುವ ಗಾಳಿ ನಿಮ್ಮ ಗಾಳಿ.

ಅಣ್ಣ ತಂಗಿ ಒಟ್ಟಿಗೆ ಕಲಿಯುತ್ತಿರುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಬಳಸಿಕೊಳ್ಳಿ. ಒಬ್ಬರು ನೀರಿನಲ್ಲಿರುವಾಗ ಇನ್ನೊಬ್ಬರು ದಡದಲ್ಲಿ, ಕಣ್ಣು ಮೋಡದ ಮೇಲೆ. ಕೈಟ್ ಏರಿಸುವ ಮುಂಚೆ ಇಬ್ಬರೂ ಬೇರೆ ಬೇರೆಯಾಗಿ ಲೈನ್‌ಗಳನ್ನು ಬಾರಿನಿಂದ ಕೈಟಿನವರೆಗೆ ಬೆರಳಲ್ಲಿ ಹಿಡಿದು ನಡೆಯಿರಿ. ಅದಲುಬದಲಾಗಿ ಕಟ್ಟಿದ ಒಂದೇ ಲೈನ್ ಸಾಕು, ಕೈಟ್ ಏರಿದ ಕ್ಷಣದಲ್ಲೇ ಗಿರಕಿ ಹೊಡೆಯುತ್ತದೆ. ಗಾಳಿ ಹೋಗುವ ಕಡೆ ಕನಿಷ್ಠ ಎರಡು ಮೂರು ಲೈನಿನಷ್ಟು ಉದ್ದ ಕಲ್ಲು, ಕಂಬ, ಜನ ಯಾವುದೂ ಇರಬಾರದು. ಏರಿಸಿದ ಮೇಲೆ ದಡದಲ್ಲಿ ಕೈಟನ್ನು ನೆತ್ತಿಯ ಮೇಲೆ ನಿಲ್ಲಿಸಿಕೊಂಡು ಮಾತಿಗೆ ನಿಲ್ಲಬೇಡಿ, ಗಸ್ಟ್ ಬಂದರೆ ನೆಲದಿಂದ ಎತ್ತಿಯೇ ಬಿಡುತ್ತದೆ. ಕೈಟನ್ನು ನೀರಿನ ಕಡೆಗೆ ತಗ್ಗಿಸಿಕೊಂಡು ಸೀದಾ ನೀರಿಗೆ ನಡೆಯಿರಿ. ಇಳಿಸಬೇಕೆಂದಾಗ ಅಂಗೈಯಿಂದ ತಲೆ ತಟ್ಟಿಕೊಂಡರೆ ದಡದಲ್ಲಿರುವ ಯಾವ ಕೈಟ್ ಸವಾರರಿಗಾದರೂ ಅರ್ಥವಾಗುತ್ತದೆ, ಓಡಿ ಬಂದು ಹಿಡಿಯುತ್ತಾರೆ.